ತಾತನ ಕತ್ತಿಗೆ ಸಾಣೆ

ಲಾಸ್ ಕೊಲಿನಾಸ್‌ನ ನನ್ನ ಅಡುಗೆಮನೆಯಿಂದ ಮಾತಾಡುತ್ತಿದ್ದೇನೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್‌ನಲ್ಲಿ ಕಾರು ಓಡಿಸುತ್ತಾ ಕೇಳುತ್ತಿರುವವರಿಗೂ, ಆಮೇಲೆ ಇದನ್ನು ಓದುವವರಿಗೂ ನಮಸ್ಕಾರ. ನನ್ನ ಕನ್ನಡ ಮನೆಯಲ್ಲಿ ಕೇಳಿ ಕಲಿತದ್ದು. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತಿನ ವಿಷಯ ಕತ್ತಿ ಮಸೆಯುವುದು. ಕನ್ನಡದಲ್ಲಿ ಹಾಗೆಂದರೆ ಒಬ್ಬರ ಮೇಲೆ ಹಗೆ ಸಾಧಿಸುವುದು ಎಂಬ ಅರ್ಥವೂ ಇದೆ. ಗಾಬರಿಯಾಗಬೇಡಿ, ನನಗೆ ಯಾರ ಮೇಲೂ ಹಗೆಯಿಲ್ಲ. ನಾನು ಮಸೆಯುತ್ತಿರುವುದು ಗಡ್ಡ ತೆಗೆಯುವ ಕತ್ತಿ. ಇಲ್ಲಿ ಸ್ಟ್ರೈಟ್ ರೇಜರ್ ಅನ್ನುತ್ತಾರಲ್ಲ, ಅದು. ಹಿಡಿಯೊಳಗೆ ಮಡಚಿಕೊಳ್ಳುತ್ತದೆ, ಬ್ಲೇಡ್ ಬದಲಾಯಿಸುವ ಹಾಗಿಲ್ಲ, ಮೊಂಡಾದರೆ ನೀವೇ ಹರಿತ ಮಾಡಿಕೊಳ್ಳಬೇಕು.

ಈ ಕತ್ತಿ ನನ್ನ ತಾತನದು. ಹೋದ ವರ್ಷ ತುಮಕೂರು ಜಿಲ್ಲೆಯ ನಮ್ಮೂರಿಗೆ ಹೋಗಿದ್ದಾಗ ಅಜ್ಜಿ ಅಟ್ಟದಿಂದ ಒಂದು ಚರ್ಮದ ಚೀಲ ಇಳಿಸಿ ನನ್ನ ತೊಡೆಯ ಮೇಲೆ ಇಟ್ಟರು. "ತಗೋ ಮಗ, ನಿಮ್ಮ ತಾತನ ಹಡಪ" ಅಂದರು. ಒಳಗೆ ಒಂದು ಕತ್ತರಿ, ಬಾಚಣಿಗೆ, ಹಿತ್ತಾಳೆ ಬಟ್ಟಲು, ಉಗುರು ತೆಗೆಯುವ ಪುಟ್ಟ ಉಳಿ, ಒಂದು ಚೂರು ಪಟಿಕ. ಅಂಗೈಯಗಲದ ಸಾಣೆಕಲ್ಲು, ನಡುವೆ ತಗ್ಗಾಗಿ ಸವೆದಿತ್ತು. ಕಪ್ಪಾಗಿ ಬಿಗಿದುಕೊಂಡಿದ್ದ ಒಂದು ತೊಗಲ ಪಟ್ಟಿ. ಮತ್ತೆ ಈ ಕತ್ತಿ. ತುಕ್ಕಿನ ಕೆಳಗೆ ಜರ್ಮನಿಯ ಸೋಲಿಂಗನ್ ಊರಿನ ಹೆಸರು ಮಸುಕಾಗಿ ಕಾಣುತ್ತಿತ್ತು. ತಾತ ದುಡ್ಡು ಕೂಡಿಟ್ಟು ಬೆಂಗಳೂರಿಗೆ ಹೋಗಿ ತಂದದ್ದಂತೆ.

ಅಜ್ಜಿ ಕೊಟ್ಟಾಗ ಅಪ್ಪ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು. ಏನೂ ಮಾತಾಡಲಿಲ್ಲ. ವಿಮಾನದಲ್ಲಿ ಕೈಚೀಲದೊಳಗೆ ಕತ್ತಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸಿನಲ್ಲಿ ಹಾಕು ಅಂದರು. ಅಷ್ಟೇ.

ನಮ್ಮ ಮನೆಯಲ್ಲಿ ಈ ಮೌನ ಹಳೆಯದು. ತಾತ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ಅಪ್ಪ ವ್ಯವಸಾಯ ಅನ್ನುತ್ತಿದ್ದರು. ಅದು ಸುಳ್ಳಲ್ಲ, ಒಂದೆಕರೆ ರಾಗಿ ಹೊಲ ಇತ್ತು. ಆದರೆ ನಿಜವೂ ಅಲ್ಲ. ನನಗೆ 12 ವರ್ಷವಾಗಿದ್ದಾಗ ಕನ್ನಡದವರೆಲ್ಲ ಪಾರ್ಕಿನಲ್ಲಿ ಪಿಕ್‌ನಿಕ್ ಮಾಡಿದ್ದರು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಟ್ಟ ಹುಡುಗನಿಗೆ ಒಬ್ಬ ದೊಡ್ಡ ಹುಡುಗ 'ಹಜಾಮ' ಎಂದು ಬೈದ. ಹೊಸ ಕನ್ನಡ ಪದ ಸಿಕ್ಕಿತಲ್ಲ, ನನಗೆ ಖುಷಿ. ಅವತ್ತು ರಾತ್ರಿ ಊಟಕ್ಕೆ ಕೂತಾಗ ತಮ್ಮನಿಗೆ ಅದೇ ಮಾತು ಹೇಳಿದೆ. ಅಪ್ಪ ತಟ್ಟೆ ಬಿಟ್ಟು ಎದ್ದು ಹೋದರು. ಅಮ್ಮ "ಆ ಮಾತು ಆಡಬಾರದು" ಅಂದರು. ಯಾಕೆ ಎಂದು ಯಾರೂ ಹೇಳಲಿಲ್ಲ.

ನೀವೂ ಆ ಪದ ಕೇಳಿರುತ್ತೀರಿ, ಸಿನಿಮಾದಲ್ಲಿ, ಗೆಳೆಯರ ಬಾಯಲ್ಲಿ. ಅದು ಉರ್ದುವಿನಿಂದ ನಮಗೆ ಬಂದದ್ದು, ಮೂಲ ಅರಬಿ. ಅರಬಿಯಲ್ಲಿ ಅದರ ಅರ್ಥ ಮೈಯಿಂದ ಕೆಟ್ಟ ರಕ್ತ ತೆಗೆದು ಚಿಕಿತ್ಸೆ ಮಾಡುವವನು. ಅಂದರೆ ವೈದ್ಯನ ಹೆಸರು. ನಾವು ಅದನ್ನು ಬೈಗುಳ ಮಾಡಿಕೊಂಡೆವು. ಇವತ್ತು ಕರ್ನಾಟಕದಲ್ಲಿ ಕ್ಷೌರಿಕ ಸಮುದಾಯದವರು ತಮ್ಮನ್ನು ಸವಿತಾ ಸಮಾಜ ಎಂದು ಕರೆದುಕೊಳ್ಳುತ್ತಾರೆ, ಉತ್ತರ ಕರ್ನಾಟಕದ ಕಡೆ ಹಡಪದ ಎನ್ನುತ್ತಾರೆ. ನಾನು ಆ ಸಮುದಾಯದ ಹುಡುಗ. ಇದನ್ನು ಮೈಕಿನ ಮುಂದೆ ಹೇಳುತ್ತಿರುವುದು ಇದೇ ಮೊದಲು.

ಸರಿ, ಕತ್ತಿಗೆ ಬರೋಣ. ಮನೆಗೆ ತಂದ ಮೇಲೆ ಎಣ್ಣೆ ಹಚ್ಚಿ ನಯವಾದ ಮರಳು ಕಾಗದದಿಂದ ತುಕ್ಕು ತೆಗೆದೆ. ಅದೃಷ್ಟಕ್ಕೆ ತುಕ್ಕು ಮೇಲೆಮೇಲೆ ಇತ್ತು, ಬಿರುಕು ಇರಲಿಲ್ಲ. ಬಾಯಲ್ಲಿ ಬಿರುಕು ಬಿಟ್ಟ ಕತ್ತಿಯನ್ನು ಮುಖಕ್ಕೆ ಮುಟ್ಟಿಸಲೇಬಾರದು. ಆಮೇಲೆ ಸಾಣೆಕಲ್ಲು ಕೊಂಡೆ. ತಾತನ ಕಲ್ಲು ನಡುವೆ ತಗ್ಗಾಗಿದ್ದರಿಂದ ಅದರ ಮೇಲೆ ಕಲಿಯುವುದು ಕಷ್ಟ ಅನ್ನಿಸಿತು. ಮೊದಲ ದಿನ ಒಂದು ಗಂಟೆ ಮಸೆದೆ. ಹರಿತ ಬರಲಿಲ್ಲ. ಇನ್ನೂ ಒತ್ತಿ ಮಸೆದೆ. ಇನ್ನೂ ಮೊಂಡಾಯಿತು. ಆದರೂ ಹಟ. ನೊರೆ ಹಚ್ಚಿಕೊಂಡು ಎಡಗೆನ್ನೆಗೆ ಇಟ್ಟೆ. ಕೂದಲು ಕತ್ತರಿಸಲಿಲ್ಲ, ಎಳೆಯಿತು. ಎಳೆತಕ್ಕೆ ಕೈ ಜಾರಿ ಚರ್ಮ ಕುಯ್ದಿತು. ಮಾರನೇ ದಿನ ಆಫೀಸಿನಲ್ಲಿ ಎಲ್ಲರೂ ಬೆಕ್ಕು ಪರಚಿತಾ ಎಂದು ಕೇಳಿದರು.

ಒಂದು ವಿಷಯ ಅವತ್ತು ಗೊತ್ತಾಯಿತು. ಹರಿತವಾದ ಕತ್ತಿಗಿಂತ ಮೊಂಡು ಕತ್ತಿ ಅಪಾಯ. ಮೊಂಡು ಕತ್ತಿಗೆ ನಾವು ಬಲ ಹಾಕುತ್ತೇವೆ, ಬಲ ಹಾಕಿದಾಗ ಕೈ ನಮ್ಮ ಮಾತು ಕೇಳುವುದಿಲ್ಲ.

ಭಾನುವಾರ ಅಜ್ಜಿಗೆ ವಿಡಿಯೋ ಕಾಲ್ ಮಾಡಿದೆ. ಕೆನ್ನೆ ನೋಡಿ ಮೊದಲು ಬೈದರು, ಆಮೇಲೆ ನಕ್ಕರು. "ಮಸಿ ನೋಡೋಣ" ಅಂದರು. ಫೋನನ್ನು ಡಬ್ಬಕ್ಕೆ ಒರಗಿಸಿ ಮಸೆದು ತೋರಿಸಿದೆ. ಅವರು ನೋಡಲಿಲ್ಲ, ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಕಲ್ಲು ಅಳ್ತಾ ಇದೆ ಮಗ. ಒತ್ತಬೇಡ. ನಿಮ್ಮ ತಾತ ಕತ್ತೀನ ಕಲ್ಲಿನ ಮೇಲೆ ಮಲಗಿಸ್ತಿದ್ರು. ಸದ್ದು ರೇಷ್ಮೆ ಸೀರೆ ಸವರಿದ ಹಾಗಿರೋದು" ಅಂದರು. ಅಜ್ಜಿ ತಮ್ಮ ಜೀವನದಲ್ಲಿ ಒಂದು ದಿನವೂ ಕತ್ತಿ ಮಸೆದವರಲ್ಲ. ಆದರೆ ಐವತ್ತು ವರ್ಷ ಆ ಸದ್ದಿಗೆ ಬೆಳಗಿನ ಹೊತ್ತು ಎದ್ದವರು.

ಮಲಗಿಸುವುದು, ಇದೇ ಇಡೀ ವಿದ್ಯೆಯ ಗುಟ್ಟು. ಅಡುಗೆಮನೆಯ ಚಾಕುವನ್ನು ಕಲ್ಲಿನಿಂದ ಸ್ವಲ್ಪ ಎತ್ತಿ ಹಿಡಿದು ಮಸೆಯುತ್ತೇವೆ, ಎಷ್ಟು ಎತ್ತಬೇಕು ಎಂಬುದು ಕೈಯ ಅಂದಾಜು. ಕ್ಷೌರದ ಕತ್ತಿಯಲ್ಲಿ ಆ ಅಂದಾಜು ಬೇಕಿಲ್ಲ. ಅದರ ಬೆನ್ನು ದಪ್ಪ, ಬಾಯಿ ತೆಳು. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗುವ ಹಾಗೆ ಪೂರ್ತಿ ಮಲಗಿಸಿದರೆ ಕೋನ ತಾನಾಗಿಯೇ ಸರಿಬರುತ್ತದೆ, ಸಾಮಾನ್ಯವಾಗಿ 15ರಿಂದ 20 ಡಿಗ್ರಿಯೊಳಗೆ. ಕತ್ತಿ ಮಾಡಿದವನೇ ಆ ಲೆಕ್ಕ ಹಾಕಿಟ್ಟಿದ್ದಾನೆ. ನಾನು ಒತ್ತಿದಾಗ ಏನಾಯಿತು? ತೆಳುವಾದ ಬಾಯಿ ಬಾಗಿ ಕಲ್ಲಿನಿಂದ ಎದ್ದುಕೊಂಡಿತು. ನಾನು ಒಂದು ಗಂಟೆ ಮಸೆದದ್ದು ಬೆನ್ನನ್ನು, ಬಾಯನ್ನಲ್ಲ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಕಲ್ಲು ಸಮತಟ್ಟಾಗಿರಬೇಕು. ಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಚೌಕುಳಿ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ ಒದ್ದೆ ಮರಳು ಕಾಗದ ಹಾಸಿ ಕಲ್ಲನ್ನು ಉಜ್ಜಿ. ಎಲ್ಲ ಗೆರೆ ಅಳಿಸಿಹೋದರೆ ಕಲ್ಲು ಸಮ ಎಂದು ಅರ್ಥ. ಆಮೇಲೆ ಕತ್ತಿಯ ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. 1000 ಗ್ರಿಟ್‌ನ ಕಲ್ಲಿಗೆ ನೀರು ಹಾಕಿ, ಕತ್ತಿ ಮಲಗಿಸಿ, ಬಾಯಿ ಮುಂದಾಗಿ ತಳ್ಳಿ. ಕಲ್ಲಿನ ಮೇಲಿನ ತೆಳು ಪೊರೆಯೊಂದನ್ನು ಬೋಳಿಸುವ ಹಾಗೆ. ತಳ್ಳುತ್ತಾ ಹಿಡಿಯ ಕಡೆಯಿಂದ ತುದಿಯ ಕಡೆಗೆ ಓರೆಯಾಗಿ ಎಳೆಯಿರಿ, ಆಗ ಇಡೀ ಬಾಯಿ ಕಲ್ಲಿಗೆ ತಾಗುತ್ತದೆ. ಕೊನೆಯಲ್ಲಿ ಕತ್ತಿಯನ್ನು ಬೆನ್ನಿನ ಮೇಲೆ ಉರುಳಿಸಿ ಮಗ್ಗುಲು ಬದಲಿಸಿ. ಬಾಯಿಯ ಮೇಲೆ ಎಂದೂ ಉರುಳಿಸಬೇಡಿ. ಒಂದಷ್ಟು ಎಳೆತದ ನಂತರ ಬಣ್ಣ ನೋಡಿ. ಎಲ್ಲಿ ಬಣ್ಣ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ. ಬಣ್ಣ ಸುಳ್ಳು ಹೇಳುವುದಿಲ್ಲ.

ಈ ಮೊದಲ ಹಂತ ಮುಗಿದಿದೆಯೋ ಇಲ್ಲವೋ ತಿಳಿಯಲು ಮುಂಗೈಯ ರೋಮ ನೋಡಿ. ಹಿಡಿಯಿಂದ ತುದಿಯವರೆಗೆ ಬಾಯಿಯ ಎಲ್ಲ ಭಾಗವೂ ರೋಮ ತೆಗೆಯಬೇಕು. ಹೆಬ್ಬೆರಳು ಎಳೆದು ನೋಡುವ ಸಾಹಸ ಬೇಡ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ದಂಡ. ಹೊಸಬರು ಸೋಲುವುದು ಹೆಚ್ಚಾಗಿ ಈ ಹಂತದಲ್ಲೇ, ನಾನೂ ಇಲ್ಲೇ ಸೋತೆ. ಇದು ಸರಿಬಂದ ಮೇಲೆ 4000, 8000, 12000 ಹೀಗೆ ನಯವಾದ ಕಲ್ಲುಗಳಿಗೆ ಹೋಗಬೇಕು. ಪ್ರತಿ ಕಲ್ಲೂ ಹಿಂದಿನ ಕಲ್ಲು ಮಾಡಿದ ಗೀರುಗಳನ್ನು ಅಳಿಸಿ ಅದಕ್ಕಿಂತ ಸಣ್ಣ ಗೀರು ಮಾಡುತ್ತದೆ. ಹೋದಹಾಗೆಲ್ಲ ಕೈ ಹಗುರಾಗಬೇಕು. ಕೊನೆಯ ಕಲ್ಲಿನ ಮೇಲೆ ಕತ್ತಿಯ ತೂಕ ಮಾತ್ರ, ನಿಮ್ಮ ತೂಕ ಇಲ್ಲ.

ಕೊನೆಗೆ ತೊಗಲ ಪಟ್ಟಿ. ಇಲ್ಲಿ ಎಲ್ಲ ತಿರುಗುಮುರುಗು. ಕಲ್ಲಿನ ಮೇಲೆ ಬಾಯಿ ಮುಂದೆ, ತೊಗಲಿನ ಮೇಲೆ ಬೆನ್ನು ಮುಂದೆ. ಮರೆತು ಬಾಯಿ ಮುಂದೆ ಮಾಡಿದರೆ ಪಟ್ಟಿಯೂ ಹೋಯಿತು, ಹರಿತವೂ ಹೋಯಿತು. ಪ್ರತಿಸಲ ಗಡ್ಡ ತೆಗೆಯುವ ಮುಂಚೆ ಐವತ್ತು ಸಲ ಹೀಗೆ ಸವರಿದರೆ ತಿಂಗಳುಗಟ್ಟಲೆ ಕಲ್ಲಿನ ಸುದ್ದಿಗೆ ಹೋಗಬೇಕಿಲ್ಲ. ಕೆಲಸ ಮುಗಿದ ಮೇಲೆ ಒರೆಸಿ, ಒಣಗಿಸಿ, ಒಂದು ಹನಿ ಎಣ್ಣೆ ಸವರಿಡಿ. ಹ್ಯೂಸ್ಟನ್‌ನವರೇ, ಇದು ನಿಮಗೆ ಇನ್ನೂ ಮುಖ್ಯ, ನಿಮ್ಮೂರ ಗಾಳಿಯಲ್ಲೇ ನೀರಿದೆ. ಇನ್ನೊಂದು ಮಾತು: ಕತ್ತಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ. ರಕ್ತದಿಂದ ಹರಡುವ ಕಾಯಿಲೆಗಳಿವೆ. ಊರಿನ ಅಂಗಡಿಗಳಲ್ಲೂ ಈಗ ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಹಾಕುವುದು ಅದಕ್ಕೇ.

ಕಲ್ಲಿನ ಹುಚ್ಚು ಹಿಡಿದ ಮೇಲೆ ಗೊತ್ತಾಯಿತು, ನಾನು ಸರಿಯಾದ ಊರಿನಲ್ಲೇ ಇದ್ದೇನೆ. ಡಾಲಸ್‌ನಿಂದ ಸುಮಾರು 300 ಮೈಲಿ ದೂರದಲ್ಲಿ ಅರ್ಕಾನ್ಸಾದ ಹಾಟ್ ಸ್ಪ್ರಿಂಗ್ಸ್ ಇದೆ. ಅಲ್ಲಿನ ವಾಶಿಟಾ ಬೆಟ್ಟಗಳಲ್ಲಿ ನೊವಾಕ್ಯುಲೈಟ್ ಎಂಬ ಕಲ್ಲು ಸಿಗುತ್ತದೆ. ಬಹುಪಾಲು ಸಿಲಿಕಾ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಯೂರೋಪಿನವರು ಬರುವುದಕ್ಕಿಂತ ಸಾವಿರಾರು ವರ್ಷ ಮುಂಚೆಯೇ ಅಲ್ಲಿನ ಮೂಲನಿವಾಸಿಗಳು ಆ ಕಲ್ಲು ಅಗೆದು ಈಟಿಯ ಮೊನೆ ಮಾಡುತ್ತಿದ್ದರು. ಇವತ್ತಿಗೂ ಅದು ಜಗತ್ತಿನ ಹೆಸರಾಂತ ಸಾಣೆಕಲ್ಲು. ಒಂದು ಶನಿವಾರ ಕಾರು ಓಡಿಸಿಕೊಂಡು ಹೋಗಿ ಒಂದು ತುಂಡು ತಂದೆ.

ಕಲ್ಲು ಟೆಕ್ಸಸ್ಸಿನ ಪಕ್ಕದ್ದಾದರೆ ಉಕ್ಕಿನ ಕತೆ ನಮ್ಮ ಪಕ್ಕದ್ದು. ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿದ ಉಕ್ಕು ಒಂದು ಕಾಲದಲ್ಲಿ ಜಗತ್ತಿಗೇ ಮಾದರಿ. ಇಂಗ್ಲಿಷಿನವರು ಅದನ್ನು ವೂಟ್ಸ್ ಎಂದರು. ಅದು ಕನ್ನಡದ 'ಉಕ್ಕು' ಪದದಿಂದಲೇ ಬಂದದ್ದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದ. ಆಮೇಲೆ ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕ ಮತ್ತು ವಿದ್ಯುತ್ತಿನ ವಿಜ್ಞಾನಿ ಎಂದು ನಾವು ಶಾಲೆಯಲ್ಲಿ ಓದುವ ಮೈಕೆಲ್ ಫ್ಯಾರಡೆ ಸೇರಿ ಆ ಉಕ್ಕಿನ ಗುಟ್ಟು ಹುಡುಕಲು ಹೊರಟರು. ಹುಡುಕುತ್ತಾ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ಹೊಸ ಬಗೆಯ ಉಕ್ಕು ಮಾಡಿದರು. ಆ ಹೊಸ ಉಕ್ಕಿನಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಎಷ್ಟೋ ವರ್ಷ ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದನಂತೆ. ಫ್ಯಾರಡೆ ಕೊಟ್ಟರೆ ಅದು ವಿಜ್ಞಾನ, ನನ್ನ ತಾತ ಹಿಡಿದರೆ ಬೈಗುಳ. ಇದನ್ನು ಓದಿದ ದಿನ ನನಗೆ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಪ್ಲೇನೋಗೆ ಹೋಗಿ ಹಡಪವನ್ನು ಅಪ್ಪನ ಮುಂದೆ ಇಟ್ಟೆ. ಯಾಕೆ ಇಷ್ಟು ದಿನ ಹೇಳಲಿಲ್ಲ ಎಂದು ಕೇಳಿದೆ. ಅಪ್ಪ ಉತ್ತರ ಕೊಡಲಿಲ್ಲ. ತಾತನ ತೊಗಲ ಪಟ್ಟಿ ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡಿದರು. "ಇದಕ್ಕೆ ಎಣ್ಣೆ ಕಾಣಿಸಬೇಕು" ಅಂದು ಅಡುಗೆಮನೆಯಿಂದ ಹರಳೆಣ್ಣೆ ತಂದು ಬೆರಳಿನಿಂದ ತಿಕ್ಕಿದರು, ಅರ್ಧ ಗಂಟೆ. ಆಮೇಲೆ ಪಟ್ಟಿಯ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದು ತುದಿ ಎಡಗೈಯಲ್ಲಿ ಎಳೆದು, ಕತ್ತಿ ಆಡಿಸಿದರು. ಹೋಗುತ್ತಾ ಒಂದು ಮಗ್ಗುಲು, ಬರುತ್ತಾ ಒಂದು ಮಗ್ಗುಲು. ನನಗೆ ಮೂರು ತಿಂಗಳಾದರೂ ಬಾರದ ಸದ್ದು, ಅಜ್ಜಿ ಹೇಳಿದ ರೇಷ್ಮೆಯ ಸದ್ದು, ಅವರ ಕೈಯಲ್ಲಿ ಮೊದಲ ಎಳೆತಕ್ಕೇ ಬಂತು. ಅಪ್ಪ ಸಾಫ್ಟ್‌ವೇರ್ ಎಂಜಿನಿಯರ್. ಹದಿನೈದು ವಯಸ್ಸಿನವರೆಗೆ ಪ್ರತಿ ಬೆಳಗ್ಗೆ ಇದನ್ನು ಮಾಡಿ ಶಾಲೆಗೆ ಹೋಗುತ್ತಿದ್ದರಂತೆ.

ಅವತ್ತು ಅಪ್ಪ ಮಾತಾಡಿದರು. ಕ್ಷೌರಿಕ ಊರಿನ ಆಯಗಾರರಲ್ಲಿ ಒಬ್ಬ. ಕಮ್ಮಾರ, ಬಡಗಿ, ಅಗಸರ ಹಾಗೆ ಅವನಿಗೂ ಸುಗ್ಗಿಯಲ್ಲಿ ಕಣದ ಹತ್ತಿರ ಧಾನ್ಯ ಅಳೆದು ಕೊಡುತ್ತಿದ್ದರು. ಮಗುವಿನ ಮೊದಲ ಕೂದಲು ತೆಗೆಯಲು ತಾತ ಬೇಕು, ಮದುವೆಗೆ ತಾತ ಬೇಕು, ಸಾವಿನ ಮನೆಯಲ್ಲಿ ತಲೆ ಬೋಳಿಸಲೂ ತಾತ ಬೇಕು. ಆದರೆ ಅವರು ಕೂರುತ್ತಿದ್ದದ್ದು ಜಗಲಿಯ ಕೆಳಗೆ. ಅವರ ಕೈ ಮುಟ್ಟಿದವರು ಸ್ನಾನ ಮಾಡದೆ ಒಳಗೆ ಹೋಗುತ್ತಿರಲಿಲ್ಲ. ಇದನ್ನು ನಾನು ಊಹಿಸಿದ್ದೆ. ನನ್ನ ಸಿಟ್ಟಿಗೆ ಇನ್ನಷ್ಟು ಸೌದೆ ಸಿಕ್ಕಿತು ಅಂದುಕೊಂಡೆ.

ಆಗ ಅಪ್ಪ ಪಟ್ಟಿ ತೋರಿಸಿದರು. "ಇದನ್ನ ಹದ ಮಾಡಿ ಕೊಟ್ಟೋರು ಊರಾಚೆ ಕೇರಿಯವರು. ತಾತನ ವಯಸ್ಸಿನೋರು. ಪ್ರತಿ ವರ್ಷ ಒಂದು ಪಟ್ಟಿ ತಂದು ಬೇಲಿ ಹತ್ರ ಇಟ್ಟು ಹೋಗೋರು. ಅವರ ಗಡ್ಡಕ್ಕೆ ಈ ಕತ್ತಿ ಒಂದು ದಿನಾನೂ ತಾಗಲಿಲ್ಲ. ನಮ್ಮಪ್ಪ ಅವರಿಗೆ ಕ್ಷೌರ ಮಾಡ್ತಿರಲಿಲ್ಲ. ಮಾಡಿದ್ರೆ ಮಿಕ್ಕ ಊರಿನೋರು ಕರೀತಿರಲಿಲ್ಲ, ಕಣದಲ್ಲಿ ರಾಗಿ ಅಳೀತಿರಲಿಲ್ಲ. ಒಂದು ಸಲ ಅವರ ಮಗ ನನ್ನ ಕ್ಲಾಸಿನಲ್ಲೇ ಕೇಳಿದ, ನಿಮ್ಮಪ್ಪ ನಮ್ಮಪ್ಪಂಗೆ ಯಾಕೋ ಮಾಡಲ್ಲ ಅಂತ. ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಕತ್ತಿ ಬಿಟ್ಟದ್ದು ಜನ ನಮ್ಮನ್ನ ಬೈದರು ಅಂತ ಮಾತ್ರ ಅಲ್ಲ ಕಣೋ."

ಇಷ್ಟು ದಿನ ನಾನು ಅಪ್ಪನ ಮೌನವನ್ನು ನಾಚಿಕೆ ಎಂದುಕೊಂಡಿದ್ದೆ. ಅದರಲ್ಲಿ ನಾಚಿಕೆ ಎರಡಿತ್ತು. ಒಂದು, ಜನ ನಮಗೆ ಮಾಡಿದ್ದಕ್ಕೆ. ಇನ್ನೊಂದು, ನಾವು ಜನಕ್ಕೆ ಮಾಡಿದ್ದಕ್ಕೆ. ಮೊದಲನೆಯದನ್ನು ಹೇಳಲು ಹೋದರೆ ಎರಡನೆಯದನ್ನೂ ಹೇಳಬೇಕಾಗುತ್ತದೆ. ಸಂವಿಧಾನದ 17ನೇ ವಿಧಿ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೂ ದಲಿತರಿಗೆ ಕ್ಷೌರ ಮಾಡಲು ಒಪ್ಪದ ಊರುಗಳ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ನಮ್ಮ ಕಾಲದಲ್ಲೂ ಬಂದಿದೆ.

ಬೇರೆ ದಾರಿ ಇರಲೇ ಇಲ್ಲ ಎನ್ನುವ ಹಾಗೂ ಇಲ್ಲ. ಹಿಂದೆ ಗಂಡ ಸತ್ತ ಮೇಲ್ಜಾತಿಯ ಹೆಣ್ಣುಮಕ್ಕಳ ತಲೆ ಬೋಳಿಸುತ್ತಿದ್ದರು, ಎಳೆಯ ಹುಡುಗಿಯರನ್ನೂ ಬಿಡುತ್ತಿರಲಿಲ್ಲ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ ಅಂಥ ಒಬ್ಬರ ಕತೆ. ಆ ಕೆಲಸಕ್ಕೆ ಕರೆಯುತ್ತಿದ್ದದ್ದು ಕ್ಷೌರಿಕರನ್ನು. 1890ರಲ್ಲಿ ಮುಂಬಯಿಯ ಕ್ಷೌರಿಕರು ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಅವರ ಮಾತಿಗೆ ಓಗೊಟ್ಟು ಸಭೆ ಸೇರಿ, ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿರ್ಧರಿಸಿದರು. ಅದು ಅವರ ಸಂಪಾದನೆಯ ಒಂದು ಪಾಲು. ಬಿಟ್ಟರು. ನಮ್ಮಲ್ಲೇ 12ನೇ ಶತಮಾನದ ಕಲ್ಯಾಣದಲ್ಲಿ ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತರಾಗಿದ್ದರು, ಅವರ ಹೆಂಡತಿ ಲಿಂಗಮ್ಮನೂ ವಚನ ಬರೆದರು. ಅಲ್ಲಿ ಹಡಪ ಅಂದರೆ ವೀಳ್ಯದ ಸಂಚಿ. ನಮ್ಮ ಅಜ್ಜಿಯ ಬಾಯಲ್ಲಿ ಅದೇ ಪದ ಕತ್ತಿಯ ಚೀಲ. ಆ ಹೆಸರನ್ನು ಎಷ್ಟೋ ಮನೆಯವರು ಇವತ್ತೂ ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ.

ತಾತನ ಬಗ್ಗೆ ತೀರ್ಪು ಕೊಡಲು ನನಗೆ ಆಗುವುದಿಲ್ಲ. ಅವರ ಮನೆಯಲ್ಲಿ ಐದು ಮಕ್ಕಳಿದ್ದರು, ಒಂದೆಕರೆ ಹೊಲ. ಆದರೆ ಅವರನ್ನು ಬರೀ ನೊಂದವರು ಎಂದು ಹೇಳಿ ಮುಗಿಸಲೂ ಆಗುವುದಿಲ್ಲ. ಸಾಣೆ ಹಿಡಿಯುವಾಗ ಒಂದೇ ಮಗ್ಗುಲು ಮಸೆದರೆ ಹರಿತ ಬರುವುದಿಲ್ಲ, ಎರಡೂ ಮಗ್ಗುಲು ಸಮ ಆಗಬೇಕು. ಮಾರ್ಕರ್ ಬಣ್ಣದ ಹಾಗೆ, ಎಲ್ಲಿ ತಾಗಿಲ್ಲವೋ ಅಲ್ಲಿ ನೋಡಬೇಕು.

ಈಗ ನನಗೆ ಎರಡು ಕೆನ್ನೆ ಬರುತ್ತದೆ. ಬಿಸಿನೀರಿನಲ್ಲಿ ಗಡ್ಡ ನೆನೆಸಿ, ಚರ್ಮ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲೇ. ಗದ್ದದ ಕೆಳಗೆ ಇನ್ನೂ ಧೈರ್ಯ ಸಾಲದು, ಅಲ್ಲಿಗೆ ಅಂಗಡಿಯ ರೇಜರ್. ಭಾನುವಾರ ಅಪ್ಪ ಬಂದರೆ ನಾನು ಕಲ್ಲು ನೋಡಿಕೊಳ್ಳುತ್ತೇನೆ, ಅವರು ಪಟ್ಟಿ ನೋಡಿಕೊಳ್ಳುತ್ತಾರೆ. ಹೋದ ತಿಂಗಳು ಮನೆಗೆ ಬಂದ ಗೆಳೆಯರೊಬ್ಬರು ಬಾಗಿಲಲ್ಲಿ ನೇತಾಡುವ ಪಟ್ಟಿ ನೋಡಿ ಇದೇನು ಸಾರ್ ಎಂದು ಕೇಳಿದರು. ಅಪ್ಪ ನನ್ನ ಕಡೆ ಒಂದು ಸಲ ನೋಡಿ, "ನಮ್ಮ ತಂದೆಯವರದು. ಅವರು ಊರಿನಲ್ಲಿ ಕ್ಷೌರ ಮಾಡ್ತಿದ್ರು" ಅಂದರು. ಆಮೇಲೆ ಕಾಫಿ ಬಂತು, ಮಾತು ಬೇರೆ ಕಡೆ ಹೋಯಿತು. ಇಷ್ಟಕ್ಕೆ ಮೂವತ್ತು ವರ್ಷ ಬೇಕಾಯಿತು.

ಗೆಳೆಯರೇ, ನಿಮಗೆಲ್ಲ ಕತ್ತಿ ಮಸೆಯಿರಿ ಎಂದು ಹೇಳುತ್ತಿಲ್ಲ. ಆದರೆ ಊರಿಗೆ ಫೋನ್ ಮಾಡಿದಾಗ ನಿಮ್ಮ ತಾತ, ಅಜ್ಜಿಯ ಕೈಗಳು ಏನು ಕೆಲಸ ಮಾಡುತ್ತಿದ್ದವು ಎಂದು ಕೇಳಿ. ಆ ಕೆಲಸ ಯಾರಿಗೆ ಮಾಡುತ್ತಿದ್ದರು, ಯಾರಿಗೆ ಮಾಡುತ್ತಿರಲಿಲ್ಲ ಎಂದೂ ಕೇಳಿ. ಒತ್ತಿ ಕೇಳಬೇಡಿ. ಹಗುರಾಗಿ ಕೇಳಿ, ಮತ್ತೆ ಮತ್ತೆ ಕೇಳಿ.